ದಾರಕ್ಕೆ ತೂಗುಹಾಕಿದ ಕಥೆಗಳು

ನನಗೆ ಮೂಗಿನ ತುದಿಯಲ್ಲೇ ಕೋಪ. ಟೀಚರ್ ಆದವಳಿಗೆ ಅದು ಇರಲೇಬೇಕು ಎಂದು ಒಂದು ಕಾಲಕ್ಕೆ ನಂಬಿಯೂ ಇದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ತಮಿಳು ಸೀಮೆಯ ನಂಗವಳ್ಳಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ ನನ್ನದು ಎರಡನೇ ಕ್ಲಾಸು. ಪಾಠವೆಲ್ಲ ತಮಿಳು, ಮಕ್ಕಳಲ್ಲಿ ಅರ್ಧ ಜನ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವ ನೇಕಾರರ ಮನೆಯವರು. ಹೇಳಿಕೊಟ್ಟದ್ದನ್ನು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದರು, ತಾವಾಗಿ ಒಂದು ಸಾಲು ಓದಿ ಎಂದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಅದಕ್ಕೇ ಹಳೆಯ ರಟ್ಟುಗಳನ್ನು ಕತ್ತರಿಸಿ, ಒಂದೊಂದರ ಮೇಲೂ ಒಂದು ಪುಟ್ಟ ಕಥೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಮಕ್ಕಳ ಕೈಗೆ ಎಟುಕುವ ಹಾಗೆ ಗೋಡೆಯುದ್ದಕ್ಕೂ ದಾರ ಕಟ್ಟಿ ತೂಗುಹಾಕಿದೆ. ಬೇಕಾದದ್ದನ್ನು ತೆಗೆದುಕೊಂಡು, ಯಾರನ್ನೂ ಕೇಳದೆ ಓದಬೇಕು. ಸಾಲು ತಪ್ಪದಿರಲೆಂದು ನಡುವೆ ಉದ್ದಕ್ಕೆ ಸೀಳಿದ ಪಟ್ಟಿಗಳನ್ನೂ ಮಾಡಿಕೊಟ್ಟಿದ್ದೆ. ಕಥೆಯ ಮೇಲಿಟ್ಟರೆ ಒಂದೇ ಸಾಲು ಕಾಣುತ್ತಿತ್ತು. ಹೆಡ್‌ಮಾಸ್ಟರರು ಮೆಚ್ಚಿದ್ದೇ ತಡ, ನನಗೆ ಕೋಡು ಮೂಡಿತು.

ಒಂದು ಮಧ್ಯಾಹ್ನ ನೋಡುತ್ತೇನೆ, ಏಳು ವರ್ಷದ ಒಬ್ಬ ಹುಡುಗಿ ರಟ್ಟನ್ನು ತಲೆಕೆಳಗಾಗಿ ಹಿಡಿದುಕೊಂಡು ಮೇಕೆಯ ಕಥೆಯನ್ನು ಜೋರಾಗಿ ಓದುತ್ತಿದ್ದಾಳೆ! ಕಥೆ ತಿಂಗಳಿಂದ ಅಲ್ಲೇ ತೂಗುತ್ತಿತ್ತು. ಬಾಯಿಪಾಠ ಮಾಡಿಕೊಂಡು ನನ್ನನ್ನೇ ಏಮಾರಿಸುತ್ತಿದ್ದಾಳೆ ಎಂದು ಮೈಯೆಲ್ಲ ಉರಿದುಹೋಯಿತು.

"ಏನೇ ಅದು, ಓದ್ತಾ ಇದ್ದೀಯಾ?"

"ಊಂ ಟೀಚರ್, ಓದ್ತಾ ಇವ್ನಿ."

"ಪೊಯ್ ಸೊಲ್ಲಾದೆ!" ಸುಳ್ಳು ಹೇಳಬೇಡ ಎಂದು ತಮಿಳಿನಲ್ಲಿ ಗದರಿಸಿ, ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಎರಡು ಬಿಟ್ಟೆ. ರಟ್ಟನ್ನು ನೆಟ್ಟಗೆ ತಿರುಗಿಸಿ, "ಈಗ ಓದು ನೋಡಾಣ" ಎಂದೆ. ಅವಳು ತಡವರಿಸಿದಳು. ಕ್ಲಾಸೆಲ್ಲ ನಕ್ಕಿತು, ನಗಲಿ ಎಂದು ನಾನೂ ಬಿಟ್ಟೆ. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಹತ್ತು ದಿನ ಕಾದು ಅವಳ ಮನೆಗೆ ಹೋದೆ. ಹೊಸ್ತಿಲಲ್ಲೇ ಕಾಲು ನಿಂತುಹೋಯಿತು. ಒಳಗೆ ಅವಳ ಅಕ್ಕ ರಾಟೆ ತಿರುಗಿಸುತ್ತಾ ನೂಲು ಸುತ್ತುತ್ತಿದ್ದಳು. ಎದುರಿಗೆ ಈ ಹುಡುಗಿ, ಎರಡೂ ಕೈಗೆ ನೂಲಿನ ಲಡಿ ಸಿಕ್ಕಿಸಿಕೊಂಡು, ಬಿಗಿಯಾಗಿ ಹಿಡಿದು ಕೂತಿದ್ದಾಳೆ. ನಡುವೆ ನೆಲದ ಮೇಲೆ ಅಕ್ಕನ ನಾಲ್ಕನೇ ಕ್ಲಾಸಿನ ಪುಸ್ತಕ, ಅಕ್ಕನ ಕಡೆಗೆ ತೆರೆದಿತ್ತು. ಅಕ್ಕ ಓದುತ್ತಾ ಒಂದು ಕಡೆ ತಡೆದಳು. ಇವಳು ಎದುರಿನಿಂದಲೇ, ಕೈ ಅಲ್ಲಾಡಿಸದೆ, ಆ ಸಾಲನ್ನು ಸರಾಗವಾಗಿ ಓದಿ ಮುಗಿಸಿದಳು.

ಥೂ ನನ್ನ ಜನ್ಮಕ್ಕೆ! ನಾನೂ ನೇಕಾರರ ಮನೆಯವಳೇ, ಅಮ್ಮನ ರಾಟೆಯ ಎದುರು ಹಾಗೇ ಲಡಿ ಹಿಡಿದು ಕೂತು ಬೆಳೆದವಳು. ಆ ಕೈಗಳಿಂದ ಪುಸ್ತಕ ತಿರುಗಿಸಿಕೊಳ್ಳಲು ಆಗುವುದಿಲ್ಲ, ಅಕ್ಷರವನ್ನು ತಲೆಕೆಳಗಾಗಿಯೇ ಕಲಿಯಬೇಕು ಎಂದು ಬೇರೆ ಟೀಚರಿಗೆ ಹೊಳೆಯದಿದ್ದರೆ ಕ್ಷಮಿಸಬಹುದು. ನನಗೆ ಹೊಳೆಯಬೇಕಿತ್ತು.

ತಾಯಿ ಮಗ್ಗ ಬಿಟ್ಟು ಎದ್ದು ಬಂದಳು. "ಬನ್ನಿ ಟೀಚರಮ್ಮ, ಕುಂತ್ಕಳಿ. ಇಸ್ಕೂಲ್ಗೆ ಓಗು ಅಂದ್ರೆ ಒಂದೇ ಅಳು. ಓದಿದ್ರೆ ಒಡೀತಾರೆ ಅಂತಾಳೆ. ಏನ್ ತಪ್ಪು ಮಾಡಿದ್ಳು, ಏಳಿ?"

ತಪ್ಪು ನಂದೇ ಕಣಮ್ಮ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಟದ್ದು ಬೇರೆ: "ನಾಳೆಯಿಂದ ಕಳ್ಸಮ್ಮ. ಒಡಿಯಲ್ಲ."

ಬಂದಳು. ದಾರದಿಂದ ಒಂದು ರಟ್ಟು ಬಿಡಿಸಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ನೆಟ್ಟಗೆ ಹಿಡಿದುಕೊಂಡಳು. ತುಟಿ ಅಲ್ಲಾಡುತ್ತಿತ್ತು, ಕಣ್ಣು ಮಾತ್ರ ಒಂದೇ ಕಡೆ ನಿಂತಿತ್ತು. ಓದುತ್ತಿರಲಿಲ್ಲ, ಓದುವವಳ ಹಾಗೆ ನಟಿಸುತ್ತಿದ್ದಳು. ತಿರುಗಿಸಿಕೋ ತಾಯಿ, ನಿನಗೆ ಬರುವ ಹಾಗೆ ಓದು ಎನ್ನಬಹುದಿತ್ತು. ಹಾಗೆಂದರೆ ಟೀಚರೇ ತಪ್ಪು ಮಾಡಿದ್ದಳೆಂದು ಅಷ್ಟು ಮಕ್ಕಳಿಗೂ ಗೊತ್ತಾಗುತ್ತದಲ್ಲ! ಹತ್ತಿರ ಹೋಗಿ, ಅವಳ ತಲೆ ಸವರಿ, ಕ್ಲಾಸಿಗೆಲ್ಲ ಕೇಳಿಸುವ ಹಾಗೆ "ಗುಡ್" ಎಂದೆ.