ಅರ್ಜಿಯ ಜೊತೆ ಕಾಕಾ ಒಯ್ದ ಸೊಪ್ಪು

ಮೊಮ್ಮಗಳು ಆಯುರ್ವೇದ ಡಾಕ್ಟರಾಗಿ ಮನೆಗೆ ಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಣಿಯ ಮನೆಮನೆಗೂ ಸಕ್ಕರೆ ಹಂಚಿ ಬಂದೆ. ಮೂರನೆಯ ತರಗತಿಗೇ ಸಾಲೆ ಬಿಟ್ಟ ಈ ಮುದುಕಿಯ ಮೊಮ್ಮಗಳು ಡಾಕ್ಟರು! ನನ್ನ ಮೊಣಕಾಲಿಗೆಂದು ಅವಳು ಚೀಲದಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಮುಚ್ಚಳ ತಿರುಗಿಸಿದಳು. ಹಸಿ ಸೊಪ್ಪನ್ನು ತುಪ್ಪದಲ್ಲಿ ಹುರಿದಂಥ ಕಮಟು ವಾಸನೆ...

"ಗಾಂಜಾ ಗಿಡದ ಎಲಿದು ಅಜ್ಜಿ. ಈಗ ಡಾಕ್ಟರ್ ಚೀಟಿ ಬರದ್ರ ಸಿಗತೈತಿ" ಎಂದಳು. ಆ ವಾಸನೆ ನನಗೆ ಹಳೆಯದು.

ಎಂಬತ್ತರ ದಶಕದ ಮಾತು. ಸಿಂಧನೂರಿನಲ್ಲಿ ನಮ್ಮ ಮಗ್ಗುಲ ಮನೆಯ ಕಾಕಾ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲರಾಗಿದ್ದರು. ಅವರ ಹೆಂಡತಿ ಕಾಕಿಗೆ ಗರ್ಭಕೋಶದ ಕ್ಯಾನ್ಸರು. ದೊಡ್ಡಾಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಮಸ್ಕಿ ಕಡೆಯ ಒಂದು ಮಠದ ಸ್ವಾಮಿ ಅಜ್ಜಾರು ಪ್ರಸಾದವೆಂದು ಕೊಡುತ್ತಿದ್ದ ಇದೇ ಗಾಂಜಾ ಸೊಪ್ಪನ್ನು ಕಾಕಾ ತುಪ್ಪದಲ್ಲಿ ಹುರಿದು, ಬೆಲ್ಲ ಕೂಡಿಸಿ, ಕಡಲೆಕಾಳಿನಷ್ಟು ಗುಳಿಗೆ ಕಟ್ಟುತ್ತಿದ್ದರು. ಅದನ್ನು ನುಂಗಿದರೆ ಕಾಕಿ ಎರಡು ತುತ್ತು ಉಣ್ಣುತ್ತಿದ್ದಳು, ಒಂದಿಷ್ಟು ಮಲಗುತ್ತಿದ್ದಳು.

ಅಷ್ಟರಲ್ಲಿ ಗಾಂಜಾ ಬೆಳೆಯುವುದೂ ಇಟ್ಟುಕೊಳ್ಳುವುದೂ ಅಪರಾಧವೆಂದು ಹೊಸ ಕಾನೂನು ಬಂತು. ಅಜ್ಜಾರು ಹೆದರಿ ಗಿಡಗಳನ್ನೆಲ್ಲ ಕಿತ್ತು ಸುಟ್ಟರು. ಕಾಕಾನ ಹತ್ತಿರ ಉಳಿದದ್ದು ಒಂದು ಹಿಡಿ ಸೊಪ್ಪು, ಒಂದು ಡಬ್ಬಿ ಗುಳಿಗೆ. ಅವರು ಕದ್ದು ತರುವ ಮನುಷ್ಯರಲ್ಲ. ತಾಲೂಕು ಕಚೇರಿಯ ಮುಂದೆ ಕೂಡುವ ಬರಹಗಾರನಿಂದ ಅರ್ಜಿ ಬರೆಸಿದರು: ನನ್ನ ಹೆಂಡತಿ ಬದುಕಿರುವಷ್ಟು ದಿನ ಈ ಔಷಧಿಗೆ ಪರವಾನಗಿ ಕೊಡಬೇಕು, ಇಂಥ ಬೇನೆಯವರು ಇನ್ನೂ ಇದ್ದಾರೆ, ಅವರಿಗೂ ಕೊಡಬೇಕು.

ಬೆಳಿಗ್ಗೆ ಹೊರಡುವಾಗ ಗುಳಿಗೆಯ ಡಬ್ಬಿ ನನ್ನ ಕೈಗಿಟ್ಟು, ಕಾಕಿ ತಂಬಿಗೆಯಿಂದ ಗೋಡೆ ಬಡಿದರೆ ಒಂದು ಕೊಡು ಎಂದರು. ದಲಾಲರ ಅಡತಿ ಅಂಗಡಿಗೆ ಭತ್ತದ ಮಾದರಿ ಒಯ್ಯುವ ಹಾಗೆ ಆ ಹಿಡಿ ಸೊಪ್ಪನ್ನು ಅರಿವೆಯಲ್ಲಿ ಕಟ್ಟಿಕೊಂಡಿದ್ದರು. ಅದ್ಯಾಕೆ ಎಂದು ಕೇಳಿದೆ.

"ಮಾಲು ನೋಡಲಾರದ ಯಾರರ ಒಪ್ಕೋತಾರೇನಬೇ?"

ತಹಶೀಲ್ದಾರ ಸಾಹೇಬರ ಮೇಜಿನ ಮೇಲೆ ಅರ್ಜಿ ಇಟ್ಟು, ಪಕ್ಕದಲ್ಲೇ ಗಂಟು ಬಿಚ್ಚಿದರಂತೆ. ಪೊಲೀಸರು ಬಂದರು. ಅರ್ಜಿಯೇ ಸಾಕ್ಷಿಯಾಯಿತು.

ಸುದ್ದಿ ಕೇಳಿ, ಡಬ್ಬಿ ಹುಡುಕಿಕೊಂಡು ಪೊಲೀಸರು ನನ್ನ ಮನೆಗೂ ಬಂದಾರು ಎಂದು ಹೆದರಿದೆ. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಗಂಡ ಲಿಂಗಸುಗೂರಿಗೆ ದುಡಿಯಲು ಹೋಗಿದ್ದರು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಕಾಲುವೆಗೆ ಎಸೆದೆ. ಮನೆಗೆ ಬಂದರೆ ಗೋಡೆ ಬಡಿಯುವ ಸದ್ದು... ಕಿವಿ ಮುಚ್ಚಿಕೊಂಡೆ, ನಿಲ್ಲಲಿಲ್ಲ. ಕೊನೆಗೆ ಹೋದೆ.

"ಯವ್ವಾ, ಒಂದು ಗುಳಿಗಿ ಕೊಡಬೇ."

"ಮುಗದಾವ ಕಾಕಿ."

ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ. ಗೋಡೆ ಬಡಿಯುವುದನ್ನು ಮಾತ್ರ ಬಿಡಲಿಲ್ಲ.

ಗಿರಣಿ ಸಾಹುಕಾರರು ಜಾಮೀನಿಗೆ ನಿಂತ ಮೇಲೆ ನಾಲ್ಕನೆಯ ದಿನ ಕಾಕಾ ಬಂದರು. ನಾನು ಅಳುತ್ತಾ ಎಲ್ಲ ಹೇಳಿದೆ.

"ಚಲೋ ಮಾಡಿದಿ ಬಿಡು. ನಿನಗೂ ಮಕ್ಕಳದಾವ" ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಾಕಿ ಹೋದ ಮೇಲೂ ಅವರು ಅರ್ಜಿ ಬಿಡಲಿಲ್ಲ. ಒಂದು ಕೈಯಲ್ಲಿ ಕೋರ್ಟಿನ ತಾರೀಖಿನ ಚೀಟಿ, ಇನ್ನೊಂದರಲ್ಲಿ ಹೊಸ ಅರ್ಜಿ. ಈ ಸಲ ಮಾದರಿ ತಂದಿಲ್ಲೇನು ಕಾಕಾ ಎಂದು ಗುಮಾಸ್ತರು ನಗುತ್ತಿದ್ದರಂತೆ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕೇಸು ಮುಗಿಯುವ ಮೊದಲೇ ಕಾಕಾ ಮುಗಿದರು...

ಮೊಮ್ಮಗಳು ತಂದ ಈ ಔಷಧಿ ಈಗ ಚೀಟಿ ಇದ್ದರೂ ನಮ್ಮ ಊರಲ್ಲಿ ಸಿಗುವುದಿಲ್ಲವಂತೆ, ದೂರದಿಂದ ತರಿಸಬೇಕಂತೆ. ತಾಲೂಕಿನ ಆಸ್ಪತ್ರೆಯಲ್ಲೇ ಸಿಗುವಂತೆ ರಾಜ್ಯದ ನಿಯಮ ಬದಲಾಗಬೇಕೆಂದು ಮೊಮ್ಮಗಳೂ ಅವಳ ಗೆಳತಿಯರೂ ಸರಕಾರಕ್ಕೆ ಬರೆಯುತ್ತಿದ್ದಾರೆ. ನೀನು ಕಣ್ಣಾರೆ ಕಂಡದ್ದನ್ನು ಹೇಳು ಎಂದಳು. ಇಷ್ಟು ವರ್ಷ ಗಂಡನಿಗೂ ಹೇಳದ್ದನ್ನು, ಕಾಲುವೆಯ ಮಾತನ್ನೂ ಸೇರಿಸಿ, ಅವಳಿಗೆ ಹೇಳಿದೆ.

ಅವಳು ಒಂದೊಂದೇ ಮಾತು ಬರೆದುಕೊಳ್ಳುತ್ತಿದ್ದಳು. "ಆಮ್ಯಾಲೆ ಆಕಿ ಎಷ್ಟು ದಿನ ಇದ್ಲು ಅಜ್ಜಿ?"

"ಹದಿನೇಳು ದಿನ."

ಅದನ್ನೂ ಬರೆದುಕೊಂಡಳು.