ಬೇಕರಿಯವರು ಕೇಳಿದ್ದ ಒಂದು ಮಾತು

ಬೇಕರಿಯವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದೇ ಒಂದು ಕೂದಲಿರಲಿಲ್ಲ. ದಿನಾ ಒಲೆಯ ಬಾಯಿಗೆ ಕೈ ಹಾಕಿ ಹಾಕಿ ಎಲ್ಲ ಸುಟ್ಟುಹೋಗಿ ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಎಡಗೈ ಮಾತ್ರ ಕರಡಿಯ ಕೈಯ ಹಾಗೆ. ನಮ್ಮ ಶಿಶುವಿಹಾರದ ಮಕ್ಕಳು ಅದೇಕೆ ಎಂದು ಕೇಳಿದರೆ, "ಒಂದು ಕೈ ನಂದು, ಇನ್ನೊಂದು ಒಲೆದು" ಎನ್ನುತ್ತಿದ್ದರು.

ಬಸರೀಕಟ್ಟೆ ಕಡೆಯ ಕಾಫಿ ತೋಟದ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಕೆಲಸ ಕಲಿತು, ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿ ಹಾಕಿದ್ದರು. ಏನನ್ನಾದರೂ ಮುಚ್ಚಿಡುವುದು ಅವರಿಗೆ ಬರುತ್ತಿರಲಿಲ್ಲ. ಬನ್ ಕೇಳಿದವರಿಗೆ, "ನಿನ್ನೆದ್ದು ಮಾರಾಯ್ರೆ, ಚಾಕ್ಕೆ ಅದ್ದಿ ತಿನ್ನುದಾದ್ರೆ ತಗೊಳ್ಳಿ" ಎಂದು ತಾವೇ ಹೇಳಿಬಿಡುವರು. ಹೀಗಾದರೆ ವ್ಯಾಪಾರ ಹೇಗೆ ಎಂದು ನಾನು ಛೇಡಿಸಿದರೆ, "ನಂಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿರ್ಲಿ ಮೇಡಂ" ಎನ್ನುವರು.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ನಾನು ಶಿಶುವಿಹಾರಕ್ಕೆ ಟೀಚರಾಗಿ ಸೇರಿ ಆರು ತಿಂಗಳಾಗಿತ್ತು. ಕೆಲಸ ಕಾಯಂ ಆಗಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತಿದ್ದುದರಿಂದ ಆಗಲೇ ಎರಡು ದೂರು ಬಂದಿದ್ದವು. ಮೂರನೆಯದು ಬಂದರೆ ಬೇರೆಯವರನ್ನು ನೋಡುತ್ತೇವೆ ಎಂದು ಆಡಳಿತ ಮಂಡಳಿಯವರು ಕರೆದು ಹೇಳಿದ್ದರು. ಹೇಗಾದರೂ ಹೆಸರು ಉಳಿಸಿಕೊಳ್ಳಬೇಕೆಂದು ಮಕ್ಕಳ ದಿನಾಚರಣೆಗೆ ಹೊಸದೊಂದು ಯೋಚನೆ ಮಾಡಿದೆ. ಮಕ್ಕಳೇ ಬಿಸ್ಕತ್ತಿನ ಮೇಲೆ ಐಸಿಂಗಿನಿಂದ ಚಿತ್ರ ಬಿಡಿಸಬೇಕು, ಅಮ್ಮಂದಿರು ಬಂದು ನೋಡಬೇಕು.

"ಬಿಸ್ಕತ್ತಿಗಿಂತ ಗೋಡೆಗೇ ಜಾಸ್ತಿ ಬೀಳ್ತದೆ" ಎಂದು ಬೇಕರಿಯವರು ನಕ್ಕರು. ಆದರೂ ಮೀನು, ನಕ್ಷತ್ರ, ಚಿಟ್ಟೆಯ ಅಚ್ಚು ಹುಡುಕಿ ತೆಗೆದರು.

ಎಷ್ಟೋ ಮಕ್ಕಳ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. 'ಯಾವುದಕ್ಕೂ ಮೊಟ್ಟೆ ಹಾಕುವುದಿಲ್ಲ' ಎಂದು ನಾನು ಎಲ್ಲರ ಡೈರಿಯಲ್ಲಿ ಬರೆದು ಕಳಿಸಿದೆ. ಹರಿಹರಪುರದ ಒಬ್ಬ ತಾಯಿ ಅಷ್ಟಕ್ಕೇ ಒಪ್ಪದೆ ಖುದ್ದಾಗಿ ಬಂದರು. "ನಿಮ್ಮ ಮಾತಿನ ಮೇಲೆ ಮಗಳನ್ನು ಕೂರಿಸ್ತೇನೆ ಟೀಚರ್" ಎಂದರು. ನಾನು ಧಾರಾಳವಾಗಿ ತಲೆಯಾಡಿಸಿದೆ.

ಹಿಂದಿನ ದಿನ ಸಂಜೆ ನಾನು ಏಣಿ ಹತ್ತಿ ಬಣ್ಣದ ಕಾಗದ ಅಂಟಿಸುತ್ತಿದ್ದಾಗ ಬೇಕರಿಯವರು ಬಾಗಿಲಲ್ಲಿ ಬಂದು ನಿಂತರು. "ಮೇಡಂ, ಬಿಸ್ಕತ್ತಿಗೆ ಮೊಟ್ಟೆ ಇಲ್ಲ. ಐಸಿಂಗಿಗೆ ಅದರ ಬಿಳಿ ಹಾಕಿದ್ರೆ ಗಟ್ಟಿ ನಿಲ್ತದೆ, ಹಾಕ್ಲಾ?"

ಕಾಗದ ಪದೇ ಪದೇ ಕಿತ್ತು ಬರುತ್ತಿತ್ತು. ತಿರುಗಿಯೂ ನೋಡದೆ, "ಎಂತ ಬೇಕಾದ್ರೂ ಹಾಕಿ, ನನ್ನ ತಲೆ ತಿನ್ನಬೇಡಿ" ಎಂದುಬಿಟ್ಟೆ.

ಮರುದಿನ ಉದ್ದದ ಬೆಂಚಿನ ಎರಡೂ ಬದಿ ಮಕ್ಕಳು ಕೂತಿದ್ದರು. ಬೇಕರಿಯವರು ಒಬ್ಬೊಬ್ಬರ ಕೈ ಹಿಡಿದು ಐಸಿಂಗ್ ತುಂಬಿದ ಕಾಗದದ ಕೋನು ಒತ್ತುವುದನ್ನು ಕಲಿಸುತ್ತಿದ್ದರು. ಅಮ್ಮಂದಿರು ಜಗಲಿಯಲ್ಲಿದ್ದರು. ನಾನು ಬೆರಳಲ್ಲಿ ಒಂದು ಚೂರು ಐಸಿಂಗ್ ತೆಗೆದು ನೆಕ್ಕಿ, ಇಷ್ಟು ಬೇಗ ಹೇಗೆ ಗಟ್ಟಿಯಾಯಿತು ಎಂದು ಕೇಳಿದೆ.

"ಮೊಟ್ಟೆಯ ಬಿಳಿ ಅಲ್ವಾ. ನಿನ್ನೆ ಕೇಳಿದ್ದೆನಲ್ಲ."

ಹರಿಹರಪುರದ ಹುಡುಗಿ ಚಿಟ್ಟೆಯ ರೆಕ್ಕೆಗೆ ಚುಕ್ಕಿ ಇಡುತ್ತ ಹೆಬ್ಬೆರಳು ಚೀಪುತ್ತಿದ್ದಳು. ಬೇಕರಿಯವರನ್ನು ಮೂಲೆಗೆ ಎಳೆದುಕೊಂಡು ಹೋಗಿ, ಡೈರಿಯಲ್ಲಿ ಬರೆದದ್ದನ್ನು ಹೇಳಿದೆ. "ಸುಮ್ಮನಿದ್ದುಬಿಡಿ. ಇಷ್ಟೇ ಇಷ್ಟು ಹೋಗಿರ್ಬಹುದು ಹೊಟ್ಟೆಗೆ. ಯಾರಿಗೂ ಗೊತ್ತಾಗುದಿಲ್ಲ. ನನ್ನ ಕೆಲಸ ಹೋಗ್ತದೆ."

ಅವರು ನನ್ನ ಮುಖವನ್ನೇ ನೋಡಿದರು. "ಮಕ್ಕಳು ನಮ್ಮದಲ್ಲ ಮೇಡಂ, ಅವರದ್ದು" ಎಂದರು.

ಆಮೇಲೆ ಬೆಂಚಿನ ಕಡೆ ತಿರುಗಿ, "ಎಲ್ಲರೂ ಕೈ ಮೇಲೆ. ಯಾರು ಮೊದಲು ಇಳಿಸ್ತಾರೆ ನೋಡುವ" ಎಂದರು. ಇಪ್ಪತ್ತು ಮಕ್ಕಳು ಆಟವೆಂದುಕೊಂಡು ಕೈ ಎತ್ತಿದರು. ಗುಲಾಬಿ ಐಸಿಂಗ್ ಮಣಿಕಟ್ಟಿನಿಂದ ಇಳಿಯುತ್ತಿತ್ತು. ಬೇಕರಿಯವರು ಜಗಲಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಐಸಿಂಗಿನಲ್ಲಿ ಮೊಟ್ಟೆ ಇದೆ, ಕೆಲವು ಮಕ್ಕಳ ಬಾಯಿಗೆ ಹೋಗಿದೆ.

ನಾನೂ ಹಿಂದೆಯೇ ಜಗಲಿಗೆ ಬಂದಿದ್ದೆ. ಹರಿಹರಪುರದ ತಾಯಿ ಎದ್ದು ನಿಂತು ಅವರನ್ನು ಬಿಟ್ಟು ನನ್ನನ್ನು ನೋಡಿದರು. "ಟೀಚರ್, ಹಾಕ್ಬಾರ್ದು ಅಂತ ನೀವು ಇವರಿಗೆ ಹೇಳಿರ್ಲಿಲ್ವಾ?"

ಬೇಕರಿಯವರು ನನ್ನ ಪಕ್ಕದಲ್ಲೇ ನಿಂತಿದ್ದರು.

"ಹೇಳಿದ್ದೆ" ಎಂದೆ.

ಅವರು ಒಮ್ಮೆ ನನ್ನ ಕಡೆ ತಿರುಗಿದರು. ಈಗ ಬಾಯಿ ಬಿಡುತ್ತಾರೆ, ಮುಗಿಯಿತು ಎಂದುಕೊಂಡೆ. ಅವರು ಎರಡೂ ಕೈ ಜೋಡಿಸಿ ಆ ತಾಯಿಗೆ, "ತಪ್ಪಾಯ್ತಮ್ಮ" ಎಂದರು. ಅಷ್ಟೇ. ಎಲ್ಲರೂ ನನ್ನನ್ನು ನಂಬಿದರು. ತೋಟದ ಲೈನಿನಿಂದ ಬಂದವರಿಗಿಂತ ಟೀಚರನ್ನು ನಂಬುವುದು ಅವರಿಗೂ ಸುಲಭವಾಗಿತ್ತು, ನನಗೂ ಅನುಕೂಲವಾಗಿತ್ತು.

ನಾಲ್ವರು ತಾಯಂದಿರು ಮಕ್ಕಳ ಬಾಯಿ ತೊಳೆಸಿ ಕರೆದುಕೊಂಡು ಹೋದರು. ಚಿಟ್ಟೆಯ ಹುಡುಗಿ ಗೇಟಿನವರೆಗೂ ಅಳುತ್ತಲೇ ಹೋದಳು. ಉಳಿದವರಿಗಾಗಿ ಬೇಕರಿಯವರು ಅಂಗಡಿಗೆ ಓಡಿ ಬೇರೆ ಬಿಸ್ಕತ್ತು ತಂದು, ಸಕ್ಕರೆ ಪುಡಿಗೆ ನಿಂಬೆರಸ ಕಲಸಿ ಕೊಟ್ಟರು. ಅದು ಒಣಗಲೇ ಇಲ್ಲ. ಮೀನು, ನಕ್ಷತ್ರ ಎಲ್ಲದರಿಂದಲೂ ಸುರಿಯುತ್ತಿತ್ತು, ಮಕ್ಕಳು ಮಾತ್ರ ಖುಷಿಯಾಗಿ ನೆಕ್ಕಿದರು.

ನನ್ನ ಕೆಲಸ ಉಳಿಯಿತು. ಆ ಮನೆಗಳವರು ಬಹಳ ಕಾಲ ಅವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಒಂದು ವಾರ ನಾನು ಆ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡಿದೆ. ನಾಚಿಕೆಗೆ ಸಿಟ್ಟೇ ಬರುತ್ತಿತ್ತು, ಅದೂ ಅವರ ಮೇಲೆ. ಕೊನೆಗೆ ಧೈರ್ಯ ಮಾಡಿ ಹೋಗಿ ಮಾತು ತೆಗೆದರೆ, "ಬ್ರೆಡ್ ಬಿಸಿ ಇದೆ, ಕೊಡ್ಲಾ?" ಎಂದರು. ಮರುವರ್ಷ ಅವರೇ ಕೇಳಿದರು, "ಈ ಸಲವೂ ಮಾಡುವ ಮೇಡಂ. ಹಾಕುದು, ಬಿಡುದು ಎಲ್ಲ ಒಂದು ಕಾಗದದಲ್ಲಿ ಬರೆದು ಕೊಡಿ." ಅವರು ನನ್ನನ್ನು ದೂರಿದ್ದು ಅದೊಂದೇ ಸಲ, ಅದೂ ನಗುತ್ತ. ಆಮೇಲೆ ಪ್ರತಿವರ್ಷ ಬರೆದು ಕೊಟ್ಟೆ.

ಐದಾರು ವರ್ಷಗಳ ನಂತರ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಕುಸಿದು ಬಿದ್ದು ತೀರಿಕೊಂಡರಂತೆ. ಸುದ್ದಿ ಕೇಳಿ ಮನೆಗೆ ಹೋದಾಗ ಹರಿಹರಪುರದ ತಾಯಿಯೂ ಬಂದಿದ್ದರು. "ಒಳ್ಳೆ ಮನುಷ್ಯ. ಅವತ್ತೊಂದು ದಿನ ಮರೆತ್ರು, ಪಾಪ" ಎಂದರು.

"ಮರೆತದ್ದಲ್ಲ. ಅವರು ಕೇಳಿದ್ರು. ಹಾಕಿ ಅಂದದ್ದು ನಾನೇ" ಎಂದೆ.

ಆಕೆ, "ಅವರಿರುವಾಗ ಹೇಳ್ಬೇಕಿತ್ತು ಟೀಚರ್" ಎಂದರು.

ಒಳಗೆ ಹೋಗಿ ಅವರ ಹೆಂಡತಿಯ ಪಕ್ಕ ಕೂತು ಅದನ್ನೇ ಮತ್ತೊಮ್ಮೆ ಹೇಳಿದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಗಂಡ ಮನೆಯಲ್ಲೂ ಹೇಳಿರಲಿಲ್ಲ.

"ನಿಮ್ಮ ಮರೆವಿಂದ ಗಿರಾಕಿ ಹೋಯ್ತು ಅಂತ ನಾನೂ ಬೈತಿದ್ದೆ" ಎಂದರು ಆಕೆ. "ಹೌದು ಹೌದು ಅಂತ ಕೇಳ್ಕೊಂಡೇ ಇದ್ರು."