ಹರಿವೆ ಸೊಪ್ಪು ಮತ್ತು ಲಾರಿಯ ಹ್ಯಾಂಡಲ್

ಹ್ಯಾಂಡಲ್ ಕೈಗೆ ಸಿಕ್ಕಿತು. ತಿರುಗಲಿಲ್ಲ.

ಟೈಫಾಯಿಡ್ ಬಿಟ್ಟು ತಿಂಗಳ ಮೇಲಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಿಂದ ಭದ್ರಾವತಿಯ ಓಲ್ಡ್ ಟೌನಿನ ಮನೆಗೆ ಬಂದು ಸುಖವಾಗಿ ಮಲಗಿದ್ದೆ. ಇನ್ನೇನು, ಸಕ್ರೆಬೈಲಿನ ಕಡೆಯಿಂದ ಮರದ ದಿಮ್ಮಿ ಹೇರಿಕೊಂಡು ಬರುವ ಕೆಲಸಕ್ಕೆ ಹೊರಡಬೇಕು ಎಂದುಕೊಂಡರೆ ಹೀಗಾಯಿತು. ನಮ್ಮ ಲಾರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸದಿದ್ದರೆ ಎಂಜಿನ್ ಏಳುವುದಿಲ್ಲ. ನನ್ನ ತೊಡೆ ನಡುಗಿ ಬಂಪರಿನ ಮೇಲೆ ಕೂತುಬಿಟ್ಟೆ.

ಲಾರಿಯ ಮಾಲೀಕರು ಬೈಯಲಿಲ್ಲ. "ಬಕ್ರೀದ್ ಕಳೆಯೋವರೆಗೆ ಕಾಯ್ತೀನಿ ಮಾರಾಯ. ಆಮೇಲೆ ಬೇರೆ ಡ್ರೈವರ್ ನೋಡ್ಕೋಬೇಕಾಗುತ್ತೆ" ಎಂದರು.

ಹೆದರಿಕೆಯಾಯಿತು. ಲಾರಿ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ನನ್ನ ಊಟದ ವೈಭವವನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಗಂಜಿ, ರಾತ್ರಿ ಗಂಜಿಯಲ್ಲಿ ಅದ್ದಿದ ಬ್ರೆಡ್ಡು. ಡಿಸ್‌ಚಾರ್ಜ್ ಮಾಡುವಾಗ ಡಾಕ್ಟರು ಸೊಪ್ಪು, ಬೇಳೆ, ಮಾಂಸ ಸದ್ಯಕ್ಕೆ ಬೇಡ, ಇನ್ನೊಮ್ಮೆ ಬಂದು ತೋರಿಸಿ, ಆಗ ಹೇಳುತ್ತೇನೆ ಎಂದಿದ್ದರು. ತೋರಿಸಲು ಹೋದರೆ ಅವರಿಗೆ ವರ್ಗವಾಗಿತ್ತು. ಪಥ್ಯ ಹೇಳಿದವರೇ ಅದನ್ನು ಬಿಡಿಸಬೇಕು ಎನ್ನುವುದು ಅಮ್ಮನ ಕಾನೂನು. ಅವರು ಯಾವ ಊರಿಗೆ ಹೋದರೋ ನಮಗೆ ಗೊತ್ತಿಲ್ಲ, ಹಾಗಾಗಿ ನನ್ನ ಪಥ್ಯ ಮುಗಿಯುವಂತೆಯೇ ಇರಲಿಲ್ಲ.

ಹ್ಯಾಂಡಲ್ ನನ್ನನ್ನು ಸೋಲಿಸಿದ ಮೇಲೆ ಅಮ್ಮನನ್ನು ಹೊರಡಿಸಿಕೊಂಡು ಮತ್ತೆ ಶಿವಮೊಗ್ಗಕ್ಕೆ ಹೋದೆ. ಆ ಡಾಕ್ಟರ ಜಾಗದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ನನ್ನ ತೋಳು ಒತ್ತಿ ನೋಡಿದರು. ಕಥೆ ಕೇಳಿ ಜೋರಾಗಿ ನಕ್ಕರು. ಹೊಟ್ಟೆ ಸರಿಹೋಗಿದೆ, ಇನ್ನು ಬೇಳೆ, ಮೊಟ್ಟೆ ಎಲ್ಲ ತಿನ್ನಿ, ಸೊಪ್ಪನ್ನಂತೂ ದಿನಾ ತಿನ್ನಿ, ಸ್ನಾಯುಗಳಿಗೆ ಅದರಿಂದ ಬಲ ಬರಬಹುದು ಎಂದರು. ಅಮ್ಮ ಮಾತ್ರ ಜಗ್ಗಲಿಲ್ಲ. ಆ ಡಾಕ್ಟರು ಹೇಳಬೇಕಲ್ಲ ಎಂದಳು.

"ಅವರ ಕುರ್ಚಿಲಿ ಈಗ ನಾನೇ ಕೂತಿದ್ದೀನಲ್ಲ ತಾಯಿ, ಪಥ್ಯ ನಾನೇ ಬಿಡಿಸಿದೀನಿ. ಅದಿರಲಿ, ನಿಮ್ಮ ಕೈ ಯಾಕೆ ಹೀಗೆ ನಡುಗ್ತಿದೆ?"

ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮಗ ಗಂಜಿ ಕುಡೀತಿರುವಾಗ ನನಗೆ ಸಾರು ಗಂಟಲಲ್ಲಿ ಇಳೀಬೇಕಲ್ಲಮ್ಮ. ನಂದೂ ಅದೇ ಗಂಜಿ."

ನನಗೆ ಗೊತ್ತೇ ಇರಲಿಲ್ಲ.

ನಾನು ಉಂಡು ಮಲಗಿದ ಮೇಲೆ ಅವಳು ಅಡುಗೆಮನೆಯಲ್ಲಿ ಏನು ತಿನ್ನುತ್ತಿದ್ದಳು ಎಂದು ಒಂದು ದಿನವೂ ನೋಡಿರಲಿಲ್ಲ. ಬಸ್ಸಿನಲ್ಲಿ ಭದ್ರಾವತಿಗೆ ವಾಪಸು ಬರುವಾಗ ಅವಳ ಕೈ ಹಿಡಿದುಕೊಂಡೇ ಕೂತಿದ್ದೆ, ಅಳು ಬಂದಿತ್ತು.

ಅಂದಿನಿಂದ ನಮ್ಮ ಮನೆಗೆ ಹರಿವೆ, ಮೆಂತ್ಯ, ನುಗ್ಗೆ ಸೊಪ್ಪುಗಳು ಸಾಲಾಗಿ ಬಂದವು. ಅವಳ ತಟ್ಟೆ ನನ್ನ ಪಕ್ಕದಲ್ಲೇ ಇರಬೇಕು ಎಂದು ಹಟ ಹಿಡಿದೆ. ಸಕ್ರೆಬೈಲಿನ ಬಿಡಾರದ ಆನೆಗೂ ಇಷ್ಟು ಸೊಪ್ಪು ಹಾಕುವುದಿಲ್ಲ ಎಂದು ರೇಗಿಸಿದರೆ ಅಮ್ಮ, ಆನೆ ದಿಮ್ಮಿ ಎಳೆಯುತ್ತದೆ, ನೀನು ಹ್ಯಾಂಡಲ್ ತಿರುಗಿಸು ಸಾಕು ಎನ್ನುತ್ತಿದ್ದಳು. ಬಲ ಸೊಪ್ಪಿನಿಂದಲೇ ಬಂತೋ, ಬೇಳೆ ಮೊಟ್ಟೆಗಳಿಂದ ಬಂತೋ, ನಾನು ಹೇಳಲಾರೆ. ಬಂದದ್ದು ನಿಜ.

ಬಕ್ರೀದಿಗೆ ಮುಂಚೆ ಒಂದು ಬೆಳಿಗ್ಗೆ ಮಾಲೀಕರು ತಾವೇ ಲಾರಿಯನ್ನು ನಮ್ಮ ಬೀದಿಗೆ ಓಡಿಸಿಕೊಂಡು ಬಂದು, ಎಂಜಿನ್ ಆರಿಸಿ ಸೀಟಿನಲ್ಲೇ ಕೂತರು. ಹ್ಯಾಂಡಲ್ ಹಾಕಿದೆ. ಮೊದಲ ಸಲ ಜಾರಿತು. ಎರಡನೆಯ ಸಲ ಎಂಜಿನ್ ಗುಡುಗಿತು. ಮಾಲೀಕರು ನಗುತ್ತಾ ಪಕ್ಕದ ಸೀಟಿಗೆ ಸರಿದರು.

ಹಿಂತಿರುಗಿ ನೋಡಿದೆ. ಅಮ್ಮ ನಲ್ಲಿಯಿಂದ ಬರುತ್ತಿದ್ದಳು, ಸೊಂಟದ ಮೇಲೆ ತುಂಬಿದ ಕೊಡ, ಅದನ್ನು ಬಳಸಿ ಹಿಡಿದದ್ದು ಅದೇ ಕೈ. ಒಂದು ಹನಿಯೂ ತುಳುಕುತ್ತಿರಲಿಲ್ಲ.